ಸತ್ಯಸಂಧರಿಗೆ ಸಲ್ಲುವ ಮನ್ನಣೆ

ಹಿಮಾಲಯದಲ್ಲಿ ದೊರೆತವೆಂದು ಪ್ರಬಂಧದ ಮೇಲೆ ಪ್ರಬಂಧವಾಗಿ ವರ್ಣಿತವಾಗಿದ್ದ ಪಳೆಯುಳಿಕೆಗಳಲ್ಲಿ ಕೆಲವು ಮೊರಾಕೊ ದೇಶದವುಗಳನ್ನೂ, ಮತ್ತೆ ಕೆಲವು ನ್ಯೂಯಾರ್ಕ್ ಪ್ರಾಂತದ ಆಮ್ಸ್‌ಡೆಲ್ ಎಂಬ ತೊರೆಯವುಗಳನ್ನೂ ಅಚ್ಚು ಹೊಯ್ದಂತೆ ಹೋಲುತ್ತವೆಂಬ ಸಂಗತಿಯನ್ನು 1989ರ ಏಪ್ರಿಲಿನಲ್ಲಿ 'ನೇಚರ್' ಪತ್ರಿಕೆಯ ಮೂಲಕ ಲೋಕಕ್ಕೆ ಅರುಹಿದವರು ಆಸ್ಟ್ರೇಲಿಯಾದ ಮೆಕ್ವಾರಿ ವಿಶ್ವವಿದ್ಯಾನಿಲಯದ ಭೂವಿಜ್ಞಾನಿ ಜಾನ್ ಟ್ಯಾಲೆಂಟ್. ಆಕ್ಷೇಪಣೆಗೆ ಗುರಿಯಾದವರು ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ವಿಶ್ವಜಿತ್ ಗುಪ್ತ. ಶಿಲೆಯಲ್ಲಿ ಹುದುಗಿದ ಜೀವಿಯ ಕುರುಹಿಗೆ ಅದು ದೊರೆತ ಸ್ಥಳವೇ ಪ್ರಾಣ; ಸ್ಥಳವೊಂದು ಸುಳ್ಳಾದರೆ ಆ ಪದರದ ವಯಸ್ಸು ಸುಳ್ಳಾಗುತ್ತದೆ, ಆ ವಯಸ್ಸನ್ನು ನಂಬಿ ಬರೆದ ನಕ್ಷೆ ಸುಳ್ಳಾಗುತ್ತದೆ, ಆ ನಕ್ಷೆಯನ್ನು ಓದಿ ಪರೀಕ್ಷೆ ಬರೆದ ವಿದ್ಯಾರ್ಥಿಯ ಉತ್ತರವೂ, ಅವನ ತಪ್ಪೇನೂ ಇಲ್ಲದೆ, ಸುಳ್ಳಾಗಿಬಿಡುತ್ತದೆ.

ಆದರೆ ಹೀಗೆ ಹೇಳಿದವರಿಗೆ ಏನು ದೊರೆಯಿತು? ಗುಪ್ತರು ವಿಚಾರಣೆಯ ತರುವಾಯವೂ ಸೇವೆಯಲ್ಲಿ ಮುಂದುವರಿದೇ ನಿವೃತ್ತರಾದರು. ದೂರದ ಸಿಡ್ನಿಯಲ್ಲಿ ಕುಳಿತು ಬರೆಯುವುದು ಒಂದು ಬಗೆಯ ಧೈರ್ಯವಾದರೆ, ಅದೇ ದೇಶದಲ್ಲಿದ್ದು, ಅದೇ ವಿಷಯದ ಸಮ್ಮೇಳನಗಳಲ್ಲಿ ಮುಖಾಮುಖಿಯಾಗುತ್ತ, 'ಹೌದು, ನಾವೂ ಇದನ್ನು ಸಂದೇಹಿಸಿದ್ದೆವು' ಎಂದು ಹೆಸರು ಹಾಕಿ ನುಡಿಯುವುದು ಇನ್ನೊಂದು ಬಗೆಯದು. ಹಾಗೆ ನುಡಿದ ಭಾರತೀಯ ಭೂವಿಜ್ಞಾನಿಗಳೂ ಇದ್ದರು. ಬೆಂಗಳೂರಿನಿಂದ ಪ್ರಕಟವಾಗುವ, ಬಿ. ಪಿ. ರಾಧಾಕೃಷ್ಣ ಅವರ ಪರಿಶ್ರಮದಿಂದ ಬೆಳೆದ, ಭಾರತೀಯ ಭೂವೈಜ್ಞಾನಿಕ ಸಂಘದ ನಿಯತಕಾಲಿಕೆಯು 1990ರಲ್ಲಿ ಟ್ಯಾಲೆಂಟ್ ಮತ್ತು ಅವರ ಸಂಗಡಿಗರ ಸುದೀರ್ಘ ಲೇಖನವನ್ನು ಅಚ್ಚುಮಾಡಿತು. ನಮ್ಮ ಮನೆಯ ಕೊಳೆಯನ್ನು ನಮ್ಮ ಅಂಗಳದಲ್ಲಿಯೇ ತೊಳೆಯಬೇಕೆಂಬ ಈ ನಿರ್ಧಾರವನ್ನು ನಾನು ಯಾವ ಪದಕಕ್ಕಿಂತಲೂ ಕಡಿಮೆಯೆಂದು ಎಣಿಸಲಾರೆ.

ಟ್ಯಾಲೆಂಟ್ ಅವರ ಲೇಖನ ಪ್ರಕಟವಾದಾಗ 'ನೇಚರ್' ಪತ್ರಿಕೆಯ ಸಂಪಾದಕರಾಗಿದ್ದವರು ಜಾನ್ ಮ್ಯಾಡಕ್ಸ್. ವಿರೋಧವನ್ನೂ ಬೆದರಿಕೆಯನ್ನೂ ಎದುರಿಸಿ ವಿಜ್ಞಾನದ ಸತ್ಯಕ್ಕಾಗಿ ನಿಂತವರಿಗೆ ಅವರ ಹೆಸರಿನಲ್ಲಿ ಒಂದು ಪುರಸ್ಕಾರವು 2012ರಿಂದ ಸಲ್ಲುತ್ತಿದ್ದು, 2021ರಲ್ಲಿ ಅದನ್ನು ಪಡೆದವರಲ್ಲಿ ಎಲಿಸಬೆತ್ ಬಿಕ್ ಎಂಬ ಡಚ್ ಮೂಲದ ಸೂಕ್ಷ್ಮಜೀವಿ ವಿಜ್ಞಾನಿಯೂ ಒಬ್ಬರು. ಈಕೆಯ ಕೆಲಸ ಕೇಳಲು ಅತ್ಯಂತ ಸರಳ: ಸಂಶೋಧನ ಪ್ರಬಂಧಗಳ ಚಿತ್ರಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡುವುದು, ಒಂದೇ ಚಿತ್ರವನ್ನು ತಿರುಗಿಸಿಯೋ ಕತ್ತರಿಸಿಯೋ ಬೇರೆ ಪ್ರಯೋಗದ ಫಲವೆಂದು ತೋರಿಸಿದ್ದಾರೆಯೇ ಎಂದು ಪರೀಕ್ಷಿಸುವುದು. 20,621 ಪ್ರಬಂಧಗಳನ್ನು ಹೀಗೆ ಜಾಲಾಡಿ, ಅವುಗಳಲ್ಲಿ ನೂರಕ್ಕೆ ಸುಮಾರು ನಾಲ್ಕರಲ್ಲಿ ಸಂದೇಹಾಸ್ಪದವಾದ ಚಿತ್ರಗಳಿವೆಯೆಂದು ಆಕೆಯೂ ಸಹೋದ್ಯೋಗಿಗಳೂ 2016ರಲ್ಲಿ ಪ್ರಕಟಿಸಿದರು. 2019ರಲ್ಲಿ ಆಕೆ ನೌಕರಿಯನ್ನೇ ತೊರೆದು ಈ ಕಾರ್ಯಕ್ಕೆ ತೊಡಗಿದರು; ಕೃತಜ್ಞತೆಯ ಪತ್ರಗಳ ಜೊತೆಗೆ ನ್ಯಾಯಾಲಯದ ಬೆದರಿಕೆಯೂ ಬಂದಿತು.

ದೋಷವನ್ನು ಹಿಡಿಯುವವರು ಕೆಲವರಾದರೆ, ದೋಷವು ಹುಟ್ಟದಂತೆ ನೋಡಿಕೊಳ್ಳುವವರು ಬೇರೊಂದು ವರ್ಗದವರು. ವಾಣಿಜ್ಯ ಸಂಸ್ಥೆಯಲ್ಲಿ ಬಹುಕಾಲ ದುಡಿದು ಅಧ್ಯಾಪನಕ್ಕೆ ಬಂದ ಅಮೆರಿಕದ ಡೊನಾಲ್ಡ್ ಮೆಕೇಬ್ ಅವರು ಪ್ರಿನ್ಸ್‌ಟನ್‌ನಲ್ಲಿ ಓದಿದವರು. ಅಲ್ಲಿ 1893ರಲ್ಲಿಯೇ, ವಿದ್ಯಾರ್ಥಿಗಳ ಬೇಡಿಕೆಯ ಮೇರೆಗೆ, ನಕಲು ಮಾಡಿಲ್ಲವೆಂದು ಪ್ರತಿಜ್ಞೆ ಬರೆದು ಮೇಲ್ವಿಚಾರಕರಿಲ್ಲದೆ ಪರೀಕ್ಷೆ ಬರೆಯುವ ಪದ್ಧತಿ ಆರಂಭವಾಗಿತ್ತು. ಇಂತಹ ಪ್ರತಿಜ್ಞಾಪದ್ಧತಿಯುಳ್ಳ ಕಾಲೇಜುಗಳಲ್ಲಿ ನಕಲು ಕಡಿಮೆಯೆಂದು ಸಾವಿರಾರು ವಿದ್ಯಾರ್ಥಿಗಳನ್ನು ಪ್ರಶ್ನಿಸಿ ಕಂಡುಕೊಂಡ ಮೆಕೇಬ್, 1992ರಲ್ಲಿ ವಿದ್ಯಾಸಂಸ್ಥೆಗಳ ಪ್ರಾಮಾಣಿಕತೆಗೆಂದೇ ಒಂದು ಕೇಂದ್ರವನ್ನು ಸ್ಥಾಪಿಸಿದರು. ಈಗ ಅದು ಅಂತಾರಾಷ್ಟ್ರೀಯ ಸಂಸ್ಥೆಯಾಗಿದೆ.

ನಮ್ಮಲ್ಲಿಯೂ ಇಂಥ ಪ್ರಯತ್ನ ನಡೆದಿಲ್ಲವೆಂದಲ್ಲ. ಶರೀರಕ್ರಿಯಾವಿಜ್ಞಾನಿ ಎ. ಎಸ್. ಪೈಂತಾಲ್ ಮೊದಲಾದವರು 1986ರಲ್ಲಿ ದೆಹಲಿಯಲ್ಲಿ ವೈಜ್ಞಾನಿಕ ಮೌಲ್ಯಗಳ ಸಂಘವನ್ನು ಕಟ್ಟಿದರು. ದಂಡಿಸುವ ಅಧಿಕಾರವಿಲ್ಲದಿದ್ದರೂ ದೂರುಗಳನ್ನು ಪರಿಶೀಲಿಸಿ ಸತ್ಯವನ್ನು ಬಹಿರಂಗಪಡಿಸುವ ಕೆಲಸವನ್ನು ಅದು ಕೈಗೊಂಡಿತು. 2018ರ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನಿಯಮಾವಳಿಯಂತೂ ಕೃತಿಚೌರ್ಯವನ್ನು ತಕ್ಕಡಿಯಲ್ಲಿಟ್ಟು ತೂಗುತ್ತದೆ: ಹೋಲಿಕೆ ಶೇಕಡಾ 10ರವರೆಗೆ ಕ್ಷಮ್ಯ, 40ರವರೆಗೆ ತಿದ್ದಿ ಬರೆಯತಕ್ಕದ್ದು, 60ರವರೆಗೆ ಒಂದು ವರ್ಷದ ನಿಷೇಧ, ಅದನ್ನು ಮೀರಿದರೆ ನೋಂದಣಿಯೇ ರದ್ದು. ಅಪರಾಧಿಗಳಿಗೆ ಇಷ್ಟು ಸೂಕ್ಷ್ಮವಾದ ಶ್ರೇಣಿಗಳುಂಟು; ವಿದ್ಯಾರ್ಥಿಯ ಪ್ರಬಂಧದ ಕರಡನ್ನು ಸಾಲುಸಾಲಾಗಿ ಓದಿ, 'ಇದು ನಿನ್ನ ಮಾತಲ್ಲ, ಎಲ್ಲಿಂದ ತಂದೆ, ಹೆಸರು ಬರೆ' ಎಂದು ಮೂರು ಸಲ ಹಿಂದಿರುಗಿಸುವ ಮಾರ್ಗದರ್ಶಕನಿಗೆ ಯಾವ ಶ್ರೇಣಿಯೂ ಇಲ್ಲ.

ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿಗಳನ್ನು 2024ರಲ್ಲಿ ಕ್ಯಾಮೆರಾ ಕಣ್ಗಾವಲಿಗೆ ಒಳಪಡಿಸಿದಾಗ, ಕೃಪಾಂಕಗಳನ್ನು ಹೆಚ್ಚಿಸಿಯೂ, ಹಿಂದಿನ ವರ್ಷ ಶೇಕಡಾ 83.89ರಷ್ಟಿದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಕ್ಯಾಮೆರಾ ಬರುವ ಮುಂಚೆಯೂ ಚೀಟಿಯನ್ನು ಕಸಿದುಕೊಂಡು, ಕಿಟಕಿಯ ಹೊರಗಿನ ಗುಂಪನ್ನು ಗದರಿಸಿ, ಊರವರ ನಿಷ್ಠುರವನ್ನು ಕಟ್ಟಿಕೊಂಡ ಕೊಠಡಿ ಮೇಲ್ವಿಚಾರಕರು ಜಿಲ್ಲೆ ಜಿಲ್ಲೆಗಳಲ್ಲಿಯೂ ಇದ್ದರು. ಅವರ ಶಾಲೆಗಳ ಫಲಿತಾಂಶ ನೆರೆಯ ಶಾಲೆಗಳಿಗಿಂತ ಕೆಳಗಿದ್ದುದಕ್ಕೆ ಅದೂ ಒಂದು ಕಾರಣವಾಗಿದ್ದಿರಬೇಕು. ನಾವು ಹಾರ ಹಾಕುವುದು ಶೇಕಡಾ ನೂರರ ಫಲಿತಾಂಶಕ್ಕೆ, ಕಾರಣ ಕೇಳಿ ನೋಟಿಸು ಕೊಡುವುದು ಕಡಿಮೆ ಫಲಿತಾಂಶಕ್ಕೆ. ಶಿಕ್ಷಕರ ದಿನಾಚರಣೆಯ ಪ್ರಶಸ್ತಿಗಳಿಗೆ ಇನ್ನೊಂದನ್ನು ಕೂಡಿಸುವ ಮುಂಚೆ ಇಲಾಖೆಯು ಆ ನೋಟಿಸನ್ನು ಕೈಬಿಟ್ಟು, ಪರೀಕ್ಷೆಯನ್ನು ನೆಟ್ಟಗೆ ನಡೆಸಿ ಅರುವತ್ತು ಪಡೆದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕರೆದು, ಮುಂದಿನ ವರ್ಷಕ್ಕೆ ಗಣಿತಕ್ಕೊಬ್ಬರು ಮೇಷ್ಟರು ಬೇಕೇ ಎಂದು ಕೇಳಲಿ.