ಮನರಂಜನೆಗಾಗಿ ಸ್ಕೀಯಿಂಗ್ ಮಾಡುವವರು ಹೆಲ್ಮೆಟ್ ಧರಿಸಬೇಕೆ? ಅರ್ಜಿದಾರರಿಗೆ ವಿವರಣೆ

ಜಮ್ಮು ಮತ್ತು ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಹಾಗೂ ಹಿಮಾಚಲ ಪ್ರದೇಶದ ಮನಾಲಿ ಸಮೀಪದ ಸೋಲಂಗ್ ಕಣಿವೆಯಲ್ಲಿ ಚಳಿಗಾಲದಲ್ಲಿ ನಡೆಯುವ ಸ್ಕೀಯಿಂಗ್ ಅಂದರೆ ಹಿಮಜಾರಾಟಕ್ಕೆ ದೇಶದ ನಾನಾ ಭಾಗಗಳಿಂದ ಯುವಜನರು ತೆರಳುತ್ತಾರೆ. ಕರ್ನಾಟಕದಿಂದ ಹೋಗುವವರಲ್ಲಿ ಹಲವರಿಗೆ ಹಿಮದ ಮೇಲೆ ಕಾಲಿಡುವುದೇ ಮೊದಲ ಅನುಭವವಾಗಿರುತ್ತದೆ. ಇವರು ಸ್ಪರ್ಧಾಳುಗಳಲ್ಲ, ಕಲಿಯುವುದಕ್ಕಾಗಿ ಮತ್ತು ಸಂತೋಷಕ್ಕಾಗಿ ಹೋಗುವವರು. ಇಂತಹವರು ಹೆಲ್ಮೆಟ್ ಧರಿಸುವುದು ಕಡ್ಡಾಯವೇ, ಕಡ್ಡಾಯವಲ್ಲದಿದ್ದರೆ ಸ್ವಂತ ಇಚ್ಛೆಯಿಂದ ಧರಿಸಬೇಕೆ ಎಂಬ ವಿಷಯದಲ್ಲಿ ತರಬೇತಿಗೆ ಅರ್ಜಿ ಸಲ್ಲಿಸುವವರ ಹಾಗೂ ಅವರ ಪೋಷಕರ ತಿಳಿವಳಿಕೆಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ನಿಯಮ ಏನು ಹೇಳುತ್ತದೆ?

ದ್ವಿಚಕ್ರ ವಾಹನ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿರುವುದು ಮೋಟಾರು ವಾಹನಗಳ ಅಧಿನಿಯಮ, 1988ರ 129ನೇ ಪ್ರಕರಣ. ಅದು ರಸ್ತೆಗೆ ಸಂಬಂಧಿಸಿದ್ದು. ಹಿಮದ ಇಳಿಜಾರಿಗೆ ಅನ್ವಯಿಸುವುದಿಲ್ಲ. ತರಬೇತಿ ನೀಡುವ ಸಂಸ್ಥೆಯು ತನ್ನದೇ ನಿಯಮವನ್ನು ವಿಧಿಸಿದ್ದಲ್ಲಿ ಅದನ್ನು ಅಭ್ಯರ್ಥಿಗಳು ಪಾಲಿಸತಕ್ಕದ್ದು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಆಲ್ಪೈನ್ ಸ್ಪರ್ಧೆಗಳಲ್ಲಿ ಹೆಲ್ಮೆಟ್ ಕಡ್ಡಾಯವಾಗಿರುವುದರಿಂದ ಸ್ಪರ್ಧಾಳುಗಳ ಮಟ್ಟಿಗೆ ಪ್ರಶ್ನೆಯೇ ಉಳಿದಿಲ್ಲ. ಉಳಿದಿರುವುದು ಮನರಂಜನೆಗಾಗಿ ಜಾರುವವರ ಪ್ರಶ್ನೆ.

ಇತರ ದೇಶಗಳಲ್ಲಿಯೂ ಈ ಬಗ್ಗೆ ಏಕರೂಪದ ಕ್ರಮವಿಲ್ಲ. ಇಟಲಿಯು 2005ರಿಂದ 14 ವರ್ಷದೊಳಗಿನವರಿಗೆ, 2022ರಿಂದ 18 ವರ್ಷದೊಳಗಿನವರಿಗೆ, 2025ರ ನವೆಂಬರ್‌ನಿಂದ ಎಲ್ಲ ವಯೋಮಾನದವರಿಗೂ ಹೆಲ್ಮೆಟ್ ಕಡ್ಡಾಯಗೊಳಿಸಿತು. ಒಂದೇ ಬಾರಿಗೆ ಅಲ್ಲದೆ ಮಕ್ಕಳಿಂದ ಆರಂಭಿಸಿ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಈ ಹಂತಕ್ಕೆ ಬಂದಿರುವುದು ಗಮನಾರ್ಹ.

ಅಧ್ಯಯನಗಳಿಂದ ತಿಳಿದುಬಂದಿರುವುದು

ಈ ಚರ್ಚೆಗೆ ಸಾರ್ವಜನಿಕ ಗಮನ ದೊರೆತದ್ದು ಎರಡು ಸಾವುಗಳಿಂದ. 1997ರ ಡಿಸೆಂಬರ್ 31ರಂದು ಅಮೆರಿಕದ ಆಸ್ಪೆನ್‌ನಲ್ಲಿ ಮೈಕೆಲ್ ಕೆನಡಿ ಹಾಗೂ ಅದಾದ ಐದೇ ದಿನಗಳಲ್ಲಿ, 1998ರ ಜನವರಿ 5ರಂದು, ಗಾಯಕ ಮತ್ತು ಸಂಸತ್ ಸದಸ್ಯರಾಗಿದ್ದ ಸಾನಿ ಬೋನೊ ಸ್ಕೀಯಿಂಗ್ ಮಾಡುವಾಗ ಮರಕ್ಕೆ ಅಪ್ಪಳಿಸಿ ಮೃತಪಟ್ಟರು. ಇಬ್ಬರೂ ಹೆಲ್ಮೆಟ್ ಧರಿಸಿರಲಿಲ್ಲ. ಆ ದೇಶದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 1999ರಲ್ಲಿ ವರದಿ ಪ್ರಕಟಿಸಿ, 1997ರಲ್ಲಿ ಸ್ಕೀಯಿಂಗ್ ಮತ್ತು ಸ್ನೋಬೋರ್ಡಿಂಗ್‌ನಿಂದ ಅಂದಾಜು 17,500 ತಲೆಯ ಗಾಯಗಳು ಸಂಭವಿಸಿದ್ದು, ಅವುಗಳಲ್ಲಿ ಸುಮಾರು 7,700 ಗಾಯಗಳನ್ನು ಹೆಲ್ಮೆಟ್‌ನಿಂದ ತಡೆಯಬಹುದಾಗಿತ್ತು ಅಥವಾ ಅವುಗಳ ತೀವ್ರತೆಯನ್ನು ತಗ್ಗಿಸಬಹುದಾಗಿತ್ತು ಎಂದು ತಿಳಿಸಿತು.

ಅದು ಅಂದಾಜು ಮಾತ್ರ. ಅನಂತರ ಗಾಯಾಳುಗಳನ್ನೂ ಗಾಯಗೊಳ್ಳದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳು ಬಂದವು. ನಾರ್ವೆಯ ಎಂಟು ಸ್ಕೀ ಕೇಂದ್ರಗಳಲ್ಲಿ 2002ರ ಚಳಿಗಾಲದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಲೆಗೆ ಪೆಟ್ಟಾದ 578 ಜನರನ್ನು, ಯಾವ ಗಾಯವೂ ಆಗದ 2,992 ಜನರೊಂದಿಗೆ ಹೋಲಿಸಲಾಯಿತು. ಹೆಲ್ಮೆಟ್ ಧರಿಸಿದವರಲ್ಲಿ ತಲೆಯ ಗಾಯದ ಸಂಭವ ಶೇಕಡಾ 60ರಷ್ಟು ಕಡಿಮೆಯೆಂದು ಕಂಡುಬಂದಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಅಧ್ಯಯನದಲ್ಲಿ, 2005ರಲ್ಲಿ ಪ್ರಕಟವಾದಂತೆ, ಈ ಇಳಿಕೆ ಶೇಕಡಾ 29. ಹನ್ನೆರಡು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ ಶೇಕಡಾ 35. ಅಂಕಿಗಳಲ್ಲಿ ಅಂತರವಿದ್ದರೂ ಎಲ್ಲವೂ ಒಂದೇ ದಿಕ್ಕನ್ನು ತೋರಿಸುತ್ತವೆ.

ಹೆಲ್ಮೆಟ್‌ನ ಭಾರದಿಂದ, ಮುಖ್ಯವಾಗಿ ಮಕ್ಕಳಲ್ಲಿ, ಕುತ್ತಿಗೆಗೆ ಹೆಚ್ಚು ಅಪಾಯವಾಗುತ್ತದೆ ಎಂಬ ಆಕ್ಷೇಪಣೆ ಬಹುಕಾಲದಿಂದ ಕೇಳಿಬರುತ್ತಿತ್ತು. 2010ರ ವಿಶ್ಲೇಷಣೆಯಲ್ಲಿ ಇದಕ್ಕೆ ಆಧಾರ ದೊರೆಯಲಿಲ್ಲ. ಕಿವಿ ಕೇಳಿಸುವುದಿಲ್ಲ, ಅಕ್ಕಪಕ್ಕ ಕಾಣಿಸುವುದಿಲ್ಲ ಎಂಬ ದೂರು ಸರಿಯಾದ ಅಳತೆಯ ಸ್ಕೀ ಹೆಲ್ಮೆಟ್‌ಗಿಂತ, ಹೊಂದಿಕೆಯಾಗದ ಹೆಲ್ಮೆಟ್‌ಗೆ ಮತ್ತು ಕನ್ನಡಕಕ್ಕೆ ಹೆಚ್ಚು ಅನ್ವಯಿಸುತ್ತದೆ.

ಹೆಲ್ಮೆಟ್‌ನಿಂದ ಆಗದ ಕೆಲಸ

ಇಷ್ಟನ್ನು ಮಾತ್ರ ಓದಿ ಹೆಲ್ಮೆಟ್ ಇದ್ದರೆ ಜೀವಕ್ಕೆ ಭಯವಿಲ್ಲವೆಂದು ಭಾವಿಸುವುದು ತಪ್ಪಾಗುತ್ತದೆ. ಅಮೆರಿಕದ ಸ್ಕೀ ಕೇಂದ್ರಗಳಲ್ಲಿ ಹೆಲ್ಮೆಟ್ ಧರಿಸುವವರ ಪ್ರಮಾಣ 2003ರ ಸುಮಾರಿಗೆ ಶೇಕಡಾ 25 ಇದ್ದದ್ದು 2013ರ ವೇಳೆಗೆ ಶೇಕಡಾ 70ಕ್ಕೆ ಏರಿತು. ಆದರೆ ಅದೇ ಅವಧಿಯಲ್ಲಿ ಇಳಿಜಾರುಗಳಲ್ಲಿ ಸಂಭವಿಸುವ ಸಾವುಗಳ ಸಂಖ್ಯೆ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ವರ್ಷಕ್ಕೆ 40ರ ಆಸುಪಾಸಿನಲ್ಲಿಯೇ ಉಳಿಯಿತು.

ಇದರ ಕಾರಣವು ಹೆಲ್ಮೆಟ್ ಪರೀಕ್ಷಿಸುವ ವಿಧಾನದಿಂದಲೇ ತಿಳಿಯುತ್ತದೆ. ಯುರೋಪಿನ ಇಎನ್ 1077 ಮಾನಕದಂತೆ ಹೆಲ್ಮೆಟ್ಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿ ಪರೀಕ್ಷಿಸಲಾಗುತ್ತದೆ. ಈ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗ ಗಂಟೆಗೆ 20 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ವಿಶಾಲವಾದ, ಸಮಗೊಳಿಸಿದ ಇಳಿಜಾರಿನಲ್ಲಿ ಅನುಭವವುಳ್ಳ ಸಾಮಾನ್ಯ ಸ್ಕೀಯಿಂಗ್ ಪಟುವಿನ ವೇಗ ಗಂಟೆಗೆ 40 ಕಿ.ಮೀ.ಯಷ್ಟು ಇರುತ್ತದೆ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅಂದರೆ ಹಿಮದ ಮೇಲೆ ಉರುಳಿ ತಲೆ ಬಡಿದಾಗ, ಬೇರೊಬ್ಬರ ಸ್ಕೀ ತಗುಲಿದಾಗ, ಲಿಫ್ಟ್‌ನ ಕಬ್ಬಿಣ ತಾಗಿದಾಗ ಹೆಲ್ಮೆಟ್ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಪೂರ್ಣ ವೇಗದಲ್ಲಿ ದೇವದಾರು ಮರಕ್ಕೆ ಡಿಕ್ಕಿಯಾದಾಗ ಅದರ ಮಿತಿ ಮೀರಿರುತ್ತದೆ. ಅಂತಹ ಡಿಕ್ಕಿಯಲ್ಲಿ ತಲೆಯೊಂದಿಗೆ ಎದೆ ಮತ್ತು ಹೊಟ್ಟೆಗೂ ಮಾರಣಾಂತಿಕ ಪೆಟ್ಟಾಗುವುದುಂಟು.

ಕಾರು ಓಟದ ಪಟು ಮೈಕೆಲ್ ಶೂಮಾಕರ್ ಅವರು 2013ರ ಡಿಸೆಂಬರ್ 29ರಂದು ಫ್ರಾನ್ಸ್‌ನ ಮೆರಿಬೆಲ್‌ನಲ್ಲಿ ಗುರುತಿಸಿದ ಹಾದಿಯ ಹೊರಗೆ ಬಿದ್ದು ತಲೆ ಬಂಡೆಗೆ ಬಡಿದಾಗ ಹೆಲ್ಮೆಟ್ ಧರಿಸಿದ್ದರು. ಆದರೂ ಮಿದುಳಿಗೆ ತೀವ್ರ ಪೆಟ್ಟಾಯಿತು. 2009ರ ಜನವರಿ 1ರಂದು ಆಸ್ಟ್ರಿಯಾದಲ್ಲಿ ಜರ್ಮನಿಯ ರಾಜಕಾರಣಿ ಡೀಟರ್ ಆಲ್ಟ್‌ಹೌಸ್ ಅವರು ಮಹಿಳೆಯೊಬ್ಬರಿಗೆ ಡಿಕ್ಕಿ ಹೊಡೆದ ಪ್ರಕರಣದಲ್ಲಿ ಹೆಲ್ಮೆಟ್ ಧರಿಸಿದ್ದ ಅವರು ತೀವ್ರವಾಗಿ ಗಾಯಗೊಂಡರೂ ಬದುಕುಳಿದರು, ಧರಿಸದಿದ್ದ ಮಹಿಳೆ ಮೃತಪಟ್ಟರು. ಒಂದೊಂದು ಘಟನೆಯಿಂದ ನಿಯಮ ಕಟ್ಟಲಾಗದು ಎಂಬುದಕ್ಕೆ ಇವೆರಡನ್ನೂ ಜೊತೆಯಲ್ಲಿಟ್ಟು ನೋಡುವುದು ಸೂಕ್ತ.

ಮೊಣಕಾಲಿನ ಅಸ್ಥಿರಜ್ಜು ಹರಿಯುವುದು ಸ್ಕೀಯಿಂಗ್‌ನಲ್ಲಿ ಸಾಮಾನ್ಯ ಗಾಯ. ಅದಕ್ಕೂ ಹೆಲ್ಮೆಟ್‌ಗೂ ಸಂಬಂಧವಿಲ್ಲ. ಹಿಮಪಾತದ ಕುಸಿತಕ್ಕೂ ಅದು ಉತ್ತರವಲ್ಲ. 2023ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಅಫರ್ವಾಟ್ ಶಿಖರದ ಇಳಿಜಾರಿನಲ್ಲಿ ಪೋಲೆಂಡ್‌ನ ಇಬ್ಬರು ಸ್ಕೀಯಿಂಗ್ ಪಟುಗಳು ಮೃತಪಟ್ಟದ್ದು ಹಿಮಕುಸಿತದಿಂದ. ಕಲಿಕೆಯ ಹಂತದಲ್ಲಿರುವವರು ಗೊಂಡೋಲಾದ ಎರಡನೇ ಹಂತದ ಮೇಲಿನ ಆ ಇಳಿಜಾರುಗಳಿಗೆ ಹೋಗುವುದು ಉಚಿತವಲ್ಲ.

ಕಲಿಯುವವರ ಇಳಿಜಾರು

"ನಿಧಾನವಾಗಿ ಜಾರುತ್ತೇವೆ, ನಮಗೇಕೆ ಹೆಲ್ಮೆಟ್" ಎಂಬ ಮಾತು ಹೊಸಬರಲ್ಲಿ ಸಹಜ. ಆದರೆ ಮೇಲಿನ ಲೆಕ್ಕವನ್ನೇ ಗಮನಿಸಿದರೆ ಹೆಲ್ಮೆಟ್‌ನಿಂದ ಅತಿ ಹೆಚ್ಚಿನ ಪ್ರಯೋಜನ ಪಡೆಯುವವರು ನಿಧಾನವಾಗಿ ಜಾರುವವರೇ ಆಗಿದ್ದಾರೆ. ಅವರ ಬೀಳುವಿಕೆಯು ಹೆಲ್ಮೆಟ್‌ನ ಸಾಮರ್ಥ್ಯದ ಮಿತಿಯೊಳಗೆ ಇರುತ್ತದೆ. ನಟಿ ನತಾಶಾ ರಿಚರ್ಡ್‌ಸನ್ ಅವರು 2009ರ ಮಾರ್ಚ್ 16ರಂದು ಕೆನಡಾದ ಮಾಂಟ್ ಟ್ರೆಂಬ್ಲಾಂಟ್‌ನಲ್ಲಿ ಬಿದ್ದದ್ದು ಕಲಿಯುವವರ ಇಳಿಜಾರಿನಲ್ಲಿ, ಪಾಠದ ಸಮಯದಲ್ಲಿ. ಹೆಲ್ಮೆಟ್ ಇರಲಿಲ್ಲ. ಎದ್ದು ಮಾತನಾಡಿದರು, ಏನೂ ಆಗಿಲ್ಲವೆಂದು ವೈದ್ಯಕೀಯ ನೆರವನ್ನು ಮೊದಲು ನಿರಾಕರಿಸಿದರು. ಸ್ವಲ್ಪ ಸಮಯದ ನಂತರ ತಲೆನೋವು ಆರಂಭವಾಯಿತು. ಎರಡು ದಿನಗಳಲ್ಲಿ ನಿಧನರಾದರು. ತಲೆಬುರುಡೆ ಮತ್ತು ಮಿದುಳಿನ ಹೊದಿಕೆಯ ನಡುವೆ ರಕ್ತ ಸ್ರವಿಸಿ ಒತ್ತಡ ಏರುವುದು ಇಂತಹ ಸಾವಿಗೆ ಕಾರಣ. ಪೆಟ್ಟಾದ ಕೂಡಲೇ ವ್ಯಕ್ತಿ ಚೆನ್ನಾಗಿರುವಂತೆ ಕಾಣುವುದೇ ಇದರ ಅಪಾಯ.

ಕರ್ನಾಟಕದಿಂದ ಹೋಗುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೊಂದಿಕೊಳ್ಳದವರಿಗೆ ಮೊದಲ ಒಂದೆರಡು ದಿನ ತಲೆನೋವು, ವಾಕರಿಕೆ ಕಾಣಿಸಬಹುದು. ತಲೆಗೆ ಪೆಟ್ಟಾದಾಗಿನ ಲಕ್ಷಣಗಳೂ ಇವೇ. ಬೆಳಿಗ್ಗೆ ಬಿದ್ದ ಅಭ್ಯರ್ಥಿಯು ಸಂಜೆಯ ತಲೆನೋವನ್ನು ಚಳಿಯ ಅಥವಾ ಎತ್ತರದ ಪರಿಣಾಮವೆಂದು ತಿಳಿದು ಮಾತ್ರೆ ನುಂಗಿ ಮಲಗುವ ಸಾಧ್ಯತೆ ಹೆಚ್ಚು. ಹಾಗೆ ಮಾಡತಕ್ಕದ್ದಲ್ಲ. ತಲೆಗೆ ಪೆಟ್ಟಾಗಿದ್ದರೆ, ಹೆಲ್ಮೆಟ್ ಧರಿಸಿದ್ದರೂ ಸಹ, ತರಬೇತುದಾರರಿಗೆ ಕೂಡಲೇ ತಿಳಿಸಬೇಕು. ತಲೆನೋವು ಹೆಚ್ಚುತ್ತಿದ್ದರೆ, ವಾಂತಿಯಾದರೆ, ಮಂಪರು ಅಥವಾ ಮಾತಿನಲ್ಲಿ ತೊದಲು ಕಂಡರೆ ವೈದ್ಯರು ಬೇರೆ ಹೇಳುವವರೆಗೆ ಅದನ್ನು ತಲೆಯ ಗಾಯವೆಂದೇ ಪರಿಗಣಿಸಬೇಕು. ದೊಡ್ಡ ಆಸ್ಪತ್ರೆಗಳಿರುವ ಶ್ರೀನಗರ ಸುಮಾರು 50 ಕಿ.ಮೀ. ದೂರದಲ್ಲಿದ್ದು, ಹಿಮ ಬಿದ್ದ ರಸ್ತೆಯಲ್ಲಿ ಪ್ರಯಾಣಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ.

ಈ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ ಕಡ್ಡಾಯವಿರಲಿ ಇಲ್ಲದಿರಲಿ, ಅಭ್ಯರ್ಥಿಗಳು ಮೊದಲ ದಿನದ ಪಾಠದಿಂದಲೇ ಹೆಲ್ಮೆಟ್ ಧರಿಸುವುದು ಸೂಕ್ತವೆಂದು ಸಲಹೆ ನೀಡಲಾಗಿದೆ. ಆದರೆ ಹೆಲ್ಮೆಟ್ ಇದೆಯೆಂಬ ಧೈರ್ಯದಿಂದ ವೇಗ ಹೆಚ್ಚಿಸಿದಲ್ಲಿ ಅದರಿಂದ ದೊರೆಯುವ ರಕ್ಷಣೆಯನ್ನು ಅಭ್ಯರ್ಥಿಯೇ ಕಳೆದುಕೊಂಡಂತಾಗುತ್ತದೆ.

ಅರ್ಜಿ ಸಲ್ಲಿಸುವಾಗ ಮತ್ತು ಹೆಲ್ಮೆಟ್ ಆಯ್ಕೆ ಮಾಡುವಾಗ

ತರಬೇತಿ ಶುಲ್ಕದಲ್ಲಿ ಸ್ಕೀ, ಬೂಟು ಮತ್ತು ಕೋಲುಗಳು ಸೇರಿವೆಯೆಂದು ನಮೂದಿಸಿದ್ದರೂ ಹೆಲ್ಮೆಟ್ ಸೇರಿದೆಯೆಂದು ಊಹಿಸಬಾರದು. ಅರ್ಜಿ ಸಲ್ಲಿಸುವ ಮೊದಲೇ ಸಂಸ್ಥೆಯಿಂದ ಲಿಖಿತವಾಗಿ ತಿಳಿದುಕೊಳ್ಳಬೇಕು. ಮಕ್ಕಳ ಅಳತೆಯ ಹೆಲ್ಮೆಟ್‌ಗಳ ಲಭ್ಯತೆಯನ್ನು ಪೋಷಕರು ಪ್ರತ್ಯೇಕವಾಗಿ ವಿಚಾರಿಸುವುದು ಒಳ್ಳೆಯದು. ವಿಮೆ ಪಡೆಯುವವರು ತಮ್ಮ ಪಾಲಿಸಿಯು ಸಾಹಸ ಕ್ರೀಡೆಗಳನ್ನು ಒಳಗೊಂಡಿದೆಯೇ, ಸುರಕ್ಷತಾ ಸಾಧನಗಳ ಬಗ್ಗೆ ಷರತ್ತು ಇದೆಯೇ ಎಂಬುದನ್ನು ಓದಿ ನೋಡತಕ್ಕದ್ದು.

ಮನೆಯಲ್ಲಿರುವ ದ್ವಿಚಕ್ರ ವಾಹನದ ಹೆಲ್ಮೆಟ್ ಇದಕ್ಕೆ ಬದಲಿಯಲ್ಲ. ಅದು ಭಾರವಾಗಿರುತ್ತದೆ, ಚಳಿಯಲ್ಲಿ ಗಾಜಿನ ಮೇಲೆ ಉಸಿರಿನ ಮಂಜು ಕಟ್ಟುತ್ತದೆ, ತರಬೇತುದಾರರ ಕೂಗು ಕೇಳಿಸುವುದಿಲ್ಲ. ಸ್ಕೀ ಹೆಲ್ಮೆಟ್‌ನ ಒಳಗೆ ಇಎನ್ 1077 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್ 2040 ಎಂಬ ಮಾನಕದ ಗುರುತು ಇರುತ್ತದೆ. ಬಾಡಿಗೆಗೆ ಪಡೆಯುವಾಗಲೂ ಇದನ್ನು ನೋಡಬೇಕು. ಇಎನ್ ಮಾನಕದಲ್ಲಿ ಎ ಮತ್ತು ಬಿ ಎಂದು ಎರಡು ವರ್ಗಗಳಿದ್ದು, ಎ ವರ್ಗದ್ದು ತಲೆಯ ಹೆಚ್ಚಿನ ಭಾಗವನ್ನು ರಕ್ಷಿಸುತ್ತದೆ, ಬಿ ವರ್ಗದ್ದು ಹಗುರವಾಗಿದ್ದು ಕಿವಿಗೆ ಮೆತ್ತನೆಯ ಹೊದಿಕೆ ಹೊಂದಿರುತ್ತದೆ. ಹೊಸಬರಿಗೆ ಯಾವುದಾದರೂ ಸರಿ, ಅಳತೆ ಹೊಂದಬೇಕಷ್ಟೆ.

ಅಳತೆ ನೋಡಲು ಹುಬ್ಬಿನ ಸ್ವಲ್ಪ ಮೇಲೆ ತಲೆಯ ಸುತ್ತ ಟೇಪು ಹಿಡಿದು ಸೆಂಟಿಮೀಟರ್‌ನಲ್ಲಿ ಬರೆದುಕೊಳ್ಳಬೇಕು. ಪಟ್ಟಿ ಬಿಗಿಯದೆ ತಲೆ ಅಲ್ಲಾಡಿಸಿದರೂ ಹೆಲ್ಮೆಟ್ ಸರಿಯಬಾರದು. ಅದರ ಮುಂಭಾಗ ಹಣೆಯನ್ನು ಮುಚ್ಚಿರಬೇಕು. ಕನ್ನಡಕ ಮತ್ತು ಹೆಲ್ಮೆಟ್ ನಡುವೆ ಹಣೆ ಕಾಣಿಸುತ್ತಿದ್ದರೆ ಅದು ಹಿಂದಕ್ಕೆ ಸರಿದಿದೆಯೆಂದು ಅರ್ಥ. ಚಳಿಯೆಂದು ಒಳಗೆ ದಪ್ಪ ಉಣ್ಣೆ ಟೋಪಿ ಹಾಕಿಕೊಳ್ಳುವ ರೂಢಿಯನ್ನು ಬಿಡಬೇಕು. ತೆಳುವಾದ ಬಟ್ಟೆಯ ಟೋಪಿ ಸಾಕು. ಹೆಲ್ಮೆಟ್‌ನ ಒಳಗಿನ ಥರ್ಮೋಕೋಲ್ ಜಾತಿಯ ಪದರವು ಸಾಮಾನ್ಯವಾಗಿ ಒಮ್ಮೆ ಜಜ್ಜಿದರೆ ಮತ್ತೆ ಮೊದಲಿನ ಸ್ಥಿತಿಗೆ ಬರುವುದಿಲ್ಲವಾದ್ದರಿಂದ, ಬಿರುಕು ಅಥವಾ ತಗ್ಗು ಕಂಡ ಬಾಡಿಗೆ ಹೆಲ್ಮೆಟ್ಟನ್ನು ಹಿಂದಿರುಗಿಸಿ ಬೇರೆ ಕೇಳಿ ಪಡೆಯತಕ್ಕದ್ದು. ಜೋರಾಗಿ ಬಿದ್ದ ನಂತರ ಹೊರಗಿನಿಂದ ಏನೂ ಕಾಣಿಸದಿದ್ದರೂ ಅದೇ ಹೆಲ್ಮೆಟ್ಟನ್ನು ಮರುದಿನ ಬಳಸಬಾರದು.