ಬೈದರೆ ಅಂಕ ಏರುವುದೇ?

ಮಕ್ಕಳ ಅಂಕಪಟ್ಟಿಯನ್ನು ಕೈಗೆತ್ತಿಕೊಂಡ ತಂದೆಯು ಆ ಗಳಿಗೆಗೆ ತಾನೇ ನ್ಯಾಯಾಧೀಶನೆಂದು ಭಾವಿಸಿಕೊಳ್ಳುತ್ತಾನೆ. ನಾವೂ ಬಹುಕಾಲ ಹಾಗೆಯೇ ಭಾವಿಸಿದ್ದೆವು. ಕೊಪ್ಪಳದ ನಮ್ಮ ಮನೆಯ ಗೋಡೆಗೂಡಿನಲ್ಲಿ ನೀಲಿ ರಟ್ಟಿನ ಪುಸ್ತಕವೊಂದಿದೆ. ನಮ್ಮ ಮಗಳೂ ಮಗನೂ ಐದನೆಯ ತರಗತಿಯಿಂದ ಬರೆದ ಪ್ರತಿಯೊಂದು ಪರೀಕ್ಷೆಯ ಅಂಕಗಳು ಅದರಲ್ಲಿವೆ. ಪಕ್ಕದಲ್ಲಿ, ಆ ದಿನ ನಾವು ಹೊಗಳಿದೆವೋ ಬೈದೆವೋ ಎಂಬುದೂ ಇದೆ.

ಇಷ್ಟೊಂದು ಲೆಕ್ಕವೇಕೆಂದು ವಾಚಕರು ಕೇಳಬಹುದು. ನಮ್ಮ ಸೀಮೆಯಲ್ಲಿ ಅಂಕವೆಂಬುದು ಬರಿಯ ಅಂಕಿಯಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ, ಎಂದರೆ 1948ಕ್ಕೆ ಮೊದಲು, ಈ ಪ್ರದೇಶವು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಮೇಲ್ತರಗತಿಯ ಪಾಠಗಳು ಉರ್ದುವಿನಲ್ಲಿ ನಡೆಯುತ್ತಿದ್ದವು. ಹಳ್ಳಿಯ ಹುಡುಗನಿಗೆ ಪ್ರೌಢಶಾಲೆಯು ಕನಸಿನ ಮಾತಾಗಿತ್ತು. ಅಂತಹ ಮನೆತನದ ಮಗುವೊಂದು ಇಂದು ಪರೀಕ್ಷೆಗೆ ಕುಳಿತಾಗ ಅದರ ಬೆನ್ನ ಹಿಂದೆ ಮೂರು ತಲೆಮಾರಿನ ಆಸೆ ನಿಂತಿರುತ್ತದೆ. ನಾವು ಪುಸ್ತಕವನ್ನಿಟ್ಟದ್ದು ಆ ಆಸೆಯಿಂದಲೇ.

ಆ ಪುಸ್ತಕವು ನಮಗೆ ಒಂದು ‘ಸತ್ಯ’ವನ್ನು ಕಲಿಸಿತು. ಮಗಳಿಗೆ ಗಣಿತದ ಕಿರುಪರೀಕ್ಷೆಯೊಂದರಲ್ಲಿ 25ಕ್ಕೆ 9 ಬಂದಿತು; ಚೆನ್ನಾಗಿ ಬೈದೆವು; ಮುಂದಿನ ಸಲ 15 ಬಂದಿತು. ಮಗನಿಗೆ 23 ಬಂದಿತು. ಮನೆಮಂದಿಗೆಲ್ಲ ಪೇಡೆ ಹಂಚಿದೆವು. ಮುಂದಿನ ಸಲ 18ಕ್ಕೆ ಇಳಿಯಿತು. ಪುಟ ಪುಟಕ್ಕೂ ಇದೇ ಕಥೆ. ಬೈದಾಗ ಏರಿಕೆ, ಹೊಗಳಿದಾಗ ಇಳಿಕೆ! ಬೈಗುಳವು ಮಕ್ಕಳನ್ನು ತಿದ್ದುತ್ತದೆ, ಹೊಗಳಿಕೆ ಕೆಡಿಸುತ್ತದೆ ಎಂಬ ಹಿರಿಯರ ಮಾತಿಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕೇ?

ಅಂಕಿಗಳು ಸುಳ್ಳಾಗಿರಲಿಲ್ಲ. ಆದರೆ ಅವುಗಳಿಂದ ನಾವು ಹೊರಡಿಸಿದ ತೀರ್ಪು ಮಾತ್ರ ತಪ್ಪಾಗಿತ್ತು. ಅದು ಹೇಗೆಂಬುದೇ ಈ ಲೇಖನದ ವಿಷಯ.

ದಾಳಗಳನ್ನು ಬೈದು ನೋಡಿರಿ

ಮೊದಲು ಒಂದು ಪ್ರಯೋಗ. ಇದನ್ನು ನಿಮ್ಮ ತರಗತಿಯಲ್ಲಿಯೇ ಮಾಡಬಹುದು. ಮೂವತ್ತು ಮಂದಿ ವಿದ್ಯಾರ್ಥಿಗಳಲ್ಲಿ ಪ್ರತಿಯೊಬ್ಬರೂ ಹಾವು-ಏಣಿ ಆಟದ ಎರಡು ದಾಳಗಳನ್ನು ಒಮ್ಮೆ ಎಸೆದು ಮೊತ್ತವನ್ನು ಬರೆದುಕೊಳ್ಳಲಿ. 4 ಅಥವಾ ಅದಕ್ಕಿಂತ ಕಡಿಮೆ ಬಂದವರು ಸುಮಾರು ಐವರಿರುತ್ತಾರೆ, ಅವರನ್ನು ಗದರಿಸಿರಿ. 10 ಅಥವಾ ಅದಕ್ಕಿಂತ ಹೆಚ್ಚು ಬಂದವರೂ ಸುಮಾರು ಐವರೇ. ಅವರಿಗೆ ಚಪ್ಪಾಳೆ ತಟ್ಟಿರಿ. ಈಗ ಈ ಎರಡು ಗುಂಪಿನವರೂ ಮತ್ತೊಮ್ಮೆ ದಾಳಗಳನ್ನು ಎಸೆಯಲಿ.

ಎರಡು ದಾಳಗಳ ಮೊತ್ತದ ಸರಾಸರಿ 7. ಗದರಿಸಿಕೊಂಡವರು ಎರಡನೆಯ ಸಲ 4ನ್ನು ದಾಟುವ ಸಂಭವವು ಆರರಲ್ಲಿ ಐದು ಪಾಲು. ಚಪ್ಪಾಳೆ ಪಡೆದವರು 10ಕ್ಕಿಂತ ಕೆಳಗಿಳಿಯುವ ಸಂಭವವೂ ಅಷ್ಟೇ. ನೋಡುವವನಿಗೆ ಬೈಗುಳ ಫಲಿಸಿದಂತೆಯೂ ಹೊಗಳಿಕೆ ಮುಳುವಾದಂತೆಯೂ ಕಾಣುತ್ತದೆ. ಆದರೆ ದಾಳಕ್ಕೆ ಕಿವಿಯೂ ಇಲ್ಲ, ನಾಚಿಕೆಯೂ ಇಲ್ಲ. ಬಹಳ ಕೆಳಗಿದ್ದುದು ಮೇಲಕ್ಕೂ, ಬಹಳ ಮೇಲಿದ್ದುದು ಕೆಳಕ್ಕೂ, ನಡುವಿನ ಕಡೆಗೆ ತಾನಾಗಿಯೇ ಸರಿಯಿತು, ಅಷ್ಟೆ.

ಇದನ್ನು ‘ಸರಾಸರಿಯೆಡೆಗೆ ಮರಳುವಿಕೆ’ ಎನ್ನುತ್ತಾರೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳ ಮತ್ತು ಅವರ 928 ಮಂದಿ ಬೆಳೆದ ಮಕ್ಕಳ ಎತ್ತರವನ್ನು ಹೋಲಿಸಿ ಇದನ್ನು ವಿವರಿಸಿದನು. ಬಹು ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವಾಗಿದ್ದರೂ, ಸರಾಸರಿಯಲ್ಲಿ, ತಂದೆತಾಯಿಗಳಷ್ಟು ಎತ್ತರವಿರಲಿಲ್ಲ; ಗಿಡ್ಡರ ಮಕ್ಕಳು ಅವರಷ್ಟು ಗಿಡ್ಡರಾಗಿರಲಿಲ್ಲ.

ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇದನ್ನೇ ಶಿಕ್ಷಣಕ್ಕೆ ಹೊಂದಿಸಿ ನೋಡಿದನು. ಇಸ್ರೇಲಿನ ವಾಯುಪಡೆಯ ತರಬೇತುದಾರರು ಅವನೊಡನೆ ವಾದಿಸಿದ್ದರಂತೆ: ‘ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮರುದಿನ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಗದರಿಸಿದರೆ ಸುಧಾರಿಸುತ್ತಾನೆ.’ ಕಾನೆಮನ್ ಅವರೆಲ್ಲರಿಗೂ ಬೆನ್ನ ಹಿಂದಿನ ಗುರಿಯೊಂದಕ್ಕೆ ಎರಡೆರಡು ನಾಣ್ಯಗಳನ್ನು ಎಸೆಯಹೇಳಿದನು. ಮೊದಲ ನಾಣ್ಯವನ್ನು ಗುರಿಯ ಹತ್ತಿರಕ್ಕೆ ಎಸೆದವರು ಎರಡನೆಯದರಲ್ಲಿ ಹೆಚ್ಚಾಗಿ ತಪ್ಪಿದರು. ಮೊದಲು ದೂರಕ್ಕೆ ಎಸೆದವರು ಸುಧಾರಿಸಿದರು. ಅಲ್ಲಿ ಯಾರನ್ನೂ ಯಾರೂ ಹೊಗಳಿರಲಿಲ್ಲ, ಬೈದಿರಲೂ ಇಲ್ಲ. ಇದನ್ನೋದಿದ ದಿನ ನಮ್ಮ ನೀಲಿ ಪುಸ್ತಕವನ್ನು ತೆರೆಯಲು ನಮಗೆ ಸಂಕೋಚವಾಯಿತು.

ಹೊಲವೂ ಫಸಲೂ

ಮಕ್ಕಳೇನು ದಾಳಗಳೇ ಎಂದು ಕೇಳಬಹುದು. ಅಲ್ಲ. ಅಂಕದಲ್ಲಿ ಎರಡು ಭಾಗಗಳಿವೆ: ಮಗುವಿನ ನಿಜವಾದ ತಿಳಿವು ಒಂದು, ಆಕಸ್ಮಿಕ ಮತ್ತೊಂದು. ಓದಿದ ಪಾಠದಿಂದಲೇ ಪ್ರಶ್ನೆ ಬಂದಿತೋ ಇಲ್ಲವೋ, ಹಿಂದಿನ ರಾತ್ರಿ ನಿದ್ದೆ ಬಂದಿತ್ತೋ, ಜ್ವರವಿತ್ತೋ, ಉತ್ತರಪತ್ರಿಕೆ ತಿದ್ದಿದವರ ಕೈ ಬಿಗಿಯೋ ಸಡಿಲವೋ, ಇವೆಲ್ಲ ಎರಡನೆಯ ಭಾಗಕ್ಕೆ ಸೇರಿದವು. ಬಹಳ ಕಡಿಮೆ ಅಂಕ ಬಂದ ದಿನ ಆಕಸ್ಮಿಕವೂ ಸಾಮಾನ್ಯವಾಗಿ ಪ್ರತಿಕೂಲವಾಗಿರುತ್ತದೆ. ಅದೇ ದುರದೃಷ್ಟವು ಮುಂದಿನ ಸಲವೂ ಒದಗಬೇಕೆಂದಿಲ್ಲ. ಆದುದರಿಂದ ಅಂಕವು ಏರುತ್ತದೆ. ಕೀರ್ತಿ ಮಾತ್ರ ಬೈದವನಿಗೆ ಸಲ್ಲುತ್ತದೆ!

ಕುಷ್ಟಗಿಯ ಕಡೆ ಒಕ್ಕಲುತನ ಮಾಡುವ ನಮ್ಮ ಸೋದರಮಾವನವರಿಗೆ ಇದನ್ನು ವಿವರಿಸಿದಾಗ ಅವರು ನಕ್ಕು, ‘ಒಂದು ವರ್ಷದ ಬೆಳಿ ನೋಡಿ ಹೊಲದ ಬೆಲಿ ಕಟ್ಟಬ್ಯಾಡೋ’ ಎಂದರು. ಗಂಗಾವತಿಯ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಟು. ಅಲ್ಲಿಯ ಭತ್ತದ ಇಳುವರಿಯಲ್ಲಿ ವರ್ಷದಿಂದ ವರ್ಷಕ್ಕೆ ಏರುಪೇರು ಕಡಿಮೆ. ಕುಷ್ಟಗಿ ಯಲಬುರ್ಗಾಗಳ ಸಜ್ಜೆ ಶೇಂಗಾಗಳಾದರೋ ಮಳೆಯನ್ನು ನಂಬಿದವು. ಒಂದು ವರ್ಷ ಚೀಲಗಟ್ಟಲೆ, ಇನ್ನೊಂದು ವರ್ಷ ಹಾಕಿದ ಬೀಜವೂ ಇಲ್ಲ. ಮಳೆ ಕೈಕೊಟ್ಟ ವರ್ಷ ಯಾವ ಒಕ್ಕಲಿಗನೂ ನೆಲವನ್ನು ಬೈಯುವುದಿಲ್ಲ. ಅವನು ಹಲವು ವರ್ಷಗಳ ಫಸಲನ್ನು ನೆನೆದು ಹೊಲದ ಕಸುವನ್ನು ಅಳೆಯುತ್ತಾನೆ. ಹೊಲಕ್ಕೆ ತೋರುವ ಈ ವಿವೇಕವನ್ನು ನಾವು ಮಕ್ಕಳಿಗೆ ತೋರಿರಲಿಲ್ಲ.

ಅಳೆಯುವ ವಿಧಾನವು ಬದಲಾದರೂ ಅಂಕಿ ಬದಲಾಗುತ್ತದೆ. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶವು 2023ರಲ್ಲಿ ಶೇಕಡ 83.89 ಇದ್ದುದು 2024ರಲ್ಲಿ 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆ. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳ ಮೂಲಕ ನಿಗಾ ಇಡುವ ಕ್ರಮವು ಜಾರಿಗೆ ಬಂದಿತ್ತು. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲರ ಬುದ್ಧಿ ಅಷ್ಟು ಕುಂದಿತೆಂದು ಯಾರೂ ಹೇಳಲಾರರು.

ಪುಸ್ತಕದಲ್ಲಿ ಬರೆಯದೆ ಉಳಿದುದು

ಬೈಗುಳದಿಂದ ಲಾಭವಿಲ್ಲದಿದ್ದರೂ ನಷ್ಟವೇನೆಂದು ಕೆಲವರು ಕೇಳಿಯಾರು. ನಷ್ಟವು ನಮಗೆ ತಿಳಿದುದು ಒಂದು ಸಂಜೆ, ಜೋಳದ ಚೀಲದ ಹಿಂದೆ ಮಗಳು ಬಚ್ಚಿಟ್ಟಿದ್ದ ಉತ್ತರಪತ್ರಿಕೆ ಸಿಕ್ಕಾಗ. ಅಂಕ 11. ಏಕೆ ಬಚ್ಚಿಟ್ಟೆಯೆಂದು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು ಆಕೆ ಹೇಳಿದಳು: ‘ಅಪ್ಪಾ, ನೀವು ಯಾವಾಗಲೂ ಎಷ್ಟು ಬಂತು ಅಂತ ಅಷ್ಟ ಕೇಳ್ತೀರಿ, ಎಲ್ಲಿ ತಪ್ಪಿತು ಅಂತ ಕೇಳಂಗಿಲ್ಲ. ಗಣಿತ ನನಗ ಬರಂಗಿಲ್ಲ, ಬಿಡ್ರಿ.’

ನಾಲ್ಕು ವರ್ಷಗಳ ಲೆಕ್ಕದಲ್ಲಿ ಈ ಒಂದು ಸಾಲು ಎಲ್ಲಿಯೂ ಇರಲಿಲ್ಲ. ಆ ರಾತ್ರಿ ಉತ್ತರಪತ್ರಿಕೆಯನ್ನು ಹರಡಿಕೊಂಡು ಇಬ್ಬರೂ ಕುಳಿತೆವು. ತಪ್ಪಿದ ಏಳು ಲೆಕ್ಕಗಳಲ್ಲಿ ಐದು ಒಂದೇ ಕಾರಣದಿಂದ ತಪ್ಪಿದ್ದವು: ಆವರಣದ ಹಿಂದಿನ ಋಣಚಿಹ್ನೆಯನ್ನು ಒಳಗಿನ ಮೊದಲ ಪದಕ್ಕೆ ಮಾತ್ರ ಹೊಂದಿಸಿ ಉಳಿದವನ್ನು ಆಕೆ ಹಾಗೆಯೇ ಬಿಡುತ್ತಿದ್ದಳು. ಹತ್ತು ನಿಮಿಷಗಳಲ್ಲಿ ತಿದ್ದಬಹುದಾದ ದೋಷವದು! ಆಕೆ ಅದನ್ನು ತನ್ನ ತಲೆಯ ದೋಷವೆಂದು ತಿಳಿದಿದ್ದಳು. ನಾವೂ ಹಾಗೆಯೇ ತಿಳಿಯಗೊಟ್ಟಿದ್ದೆವು.

ಈ ವಿಷಯದಲ್ಲಿಯೂ ಸಂಶೋಧನೆ ನಡೆದಿದೆ. ರೂತ್ ಬಟ್ಲರ್ ಎಂಬಾಕೆ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಅವರ ಕೆಲಸವನ್ನು ಕುರಿತ ಟಿಪ್ಪಣಿ ಮಾತ್ರ, ಉಳಿದವರಿಗೆ ಎರಡನ್ನೂ ಕೊಡಲಾಯಿತು. ಕೆಲಸದಲ್ಲಿ ಆಸಕ್ತಿ ಉಳಿದುದು ಟಿಪ್ಪಣಿ ಮಾತ್ರ ಪಡೆದವರಲ್ಲಿ. ಟಿಪ್ಪಣಿಯೊಡನೆ ಅಂಕವನ್ನೂ ಸೇರಿಸಿದಾಗ ಟಿಪ್ಪಣಿಯ ಗುಣವು ಬಹುಮಟ್ಟಿಗೆ ಇಲ್ಲವಾಯಿತು. ‘ನಾನು ಎಷ್ಟರವನು?’ ಎಂಬ ಪ್ರಶ್ನೆ ಎದ್ದಲ್ಲಿ ‘ಇದನ್ನು ಹೇಗೆ ಮಾಡುವುದು?’ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆಂದು ತೋರುತ್ತದೆ.

ಸರಾಸರಿಯೆಡೆಗೆ ಮರಳುವ ನಿಯಮವನ್ನು ನಂಬಿ ಸುಮ್ಮನೆ ಕುಳಿತರಾಯಿತೆಂದು ವಿದ್ಯಾರ್ಥಿಗಳು ಮಾತ್ರ ತಿಳಿಯಬಾರದು. ಆಕಸ್ಮಿಕವು ನಿಮ್ಮನ್ನು ನಿಮ್ಮ ಸರಾಸರಿಗೆ ತಂದು ಬಿಡುತ್ತದೆ, ಅದರಿಂದ ಮೇಲಕ್ಕಲ್ಲ. ಸರಾಸರಿಯನ್ನೇ ಎತ್ತುವುದು ನಿಮ್ಮ ದುಡಿಮೆ. ಹೊಲಕ್ಕೆ ಗೊಬ್ಬರ ಹಾಕಿ ಬದು ಕಟ್ಟಿದಂತೆ. ಆದುದರಿಂದ ಒಂದು ಪರೀಕ್ಷೆಯಿಂದ ಹಿಗ್ಗಲೂ ಬೇಡಿರಿ, ಕುಗ್ಗಲೂ ಬೇಡಿರಿ; ನಾಲ್ಕೈದನ್ನು ಒಟ್ಟಿಗೆ ನೋಡಿರಿ. ಅಂಕವನ್ನು ನೋಡಿದ ಮೇಲೆ ಉತ್ತರಪತ್ರಿಕೆಯನ್ನು ಮಡಿಸಿಡದೆ ತಪ್ಪುಗಳನ್ನು ಎಣಿಸಿರಿ. ಹಲವು ತಪ್ಪುಗಳ ಬೇರು ಒಂದೇ ಆಗಿರಬಹುದು.

ಮಗಳ ಮುಂದಿನ ಅಂಕ 17. ಇದು ನಮ್ಮ ಹೊಸ ಕ್ರಮದ ಫಲವೆಂದು ಸಾರಲು ಆಸೆಯಾಯಿತು; ಆದರೆ 11ರ ಅನಂತರ ಅಂಕವು ತಾನಾಗಿಯೇ ಏರುತ್ತಿತ್ತೋ ಏನೋ, ಒಂದು ಪರೀಕ್ಷೆಯಿಂದ ನಿರ್ಣಯಿಸಲಾಗದು. ಇನ್ನೊಂದು ಮಾತನ್ನು ಮಾತ್ರ ನಿಶ್ಚಯವಾಗಿ ಹೇಳಬಲ್ಲೆವು: ಆ ಉತ್ತರಪತ್ರಿಕೆಯನ್ನು ಆಕೆ ತಾನಾಗಿಯೇ ತಂದು ನಮ್ಮ ಮುಂದೆ ಹರಡಿ, ‘ಇಲ್ಲಿ ನೋಡ್ರಿ, ಅಪ್ಪಾ’ ಎಂದು ತಪ್ಪಿದ ಲೆಕ್ಕದ ಮೇಲೆ ಬೆರಳಿಟ್ಟಳು.

ನೀಲಿ ಪುಸ್ತಕವನ್ನು ನಾವು ಎಸೆದಿಲ್ಲ. ಬೈದೆವೋ ಹೊಗಳಿದೆವೋ ಎಂದು ಬರೆಯುತ್ತಿದ್ದ ಅಂಕಣದಲ್ಲಿ ಈಗ ಎಲ್ಲಿ ತಪ್ಪಿತೆಂಬುದನ್ನು ಬರೆಯುತ್ತೇವೆ. ಬರೆಯುವವರು ನಾವಲ್ಲ, ಮಕ್ಕಳೇ.