ಪುದೀನಕ್ಕೆ ಎಣ್ಣೆ ಡಬ್ಬವೇ ಲಾಯಕ್ಕು

ಹಾಸನ: ಇವತ್ತು ಚರಂಡಿ, ಬೀದಿದೀಪದ ವಿಚಾರ ಅಲ್ಲ, ಒತ್ತುವರಿ ವಿಚಾರ. ಒತ್ತುವರಿ ಮಾಡಿದ್ದು ಪುಢಾರಿಯೂ ಅಲ್ಲ, ಸೈಟು ದಲ್ಲಾಳಿಯೂ ಅಲ್ಲ. ಚಟ್ನಿಗೆ ಹಾಕುವ ಪುದೀನ! ಅದಕ್ಕೆ ಜಾಗ ಕೊಟ್ಟ ಆರೋಪಿ ಈ ಅಂಕಣ ಬರೆಯುವ ನಾನೇ.

ಎರಡು ವರ್ಷದ ಹಿಂದಿನ ಮಾತು. ಕಟ್ಟಿನಕೆರೆ ಮಾರ್ಕೆಟ್ಟಿನಿಂದ ತಂದ ಕಟ್ಟಿನಲ್ಲಿ ಎಲೆ ಬಿಡಿಸಿ ಉಳಿದ ಕಡ್ಡಿಗಳನ್ನು ಬಚ್ಚಲ ಹಿಂದಿನ ತೇವದ ನೆಲಕ್ಕೆ ಚುಚ್ಚಿದೆ. ಮಳೆಗಾಲ ಮುಗಿಯುವುದರೊಳಗೆ ಹಿತ್ತಲೆಲ್ಲ ಹಸಿರು. ಬಿಟ್ಟಿ ಪುದೀನ ಅಂತ ಬೀಗಿದ್ದೇ ಬೀಗಿದ್ದು.

ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದರು. ಹೂ ಕಟ್ಟಿ ಮಾರಿ ಸಂಸಾರ ತೂಗಿಸುವವರು. "ಅಣ್ಣಾ, ನಿಮ್ಮ ಪುದೀನ ನಮ್ಮ ಹೊಟ್ಟೆ ಮೇಲೆ ಹೊಡೀತಲ್ಲ" ಅಂದರು. ಹೋಗಿ ನೋಡಿದರೆ ಕಲ್ಲು ಚಪ್ಪಡಿ ಬೇಲಿಯ ಸಂದಿನಲ್ಲಿ ನುಗ್ಗಿದ ಪುದೀನ ಅವರ ಕನಕಾಂಬರದ ಮಡಿಯನ್ನೇ ತುಂಬಿತ್ತು. ಹಾಕಿದ ಗೊಬ್ಬರ, ನೀರು ಎಲ್ಲಾ ಇದರ ಪಾಲು. ಕನಕಾಂಬರ ಸೊರಗಿ ಹೂವು ಅರ್ಧಕ್ಕಿಳಿದಿತ್ತು. ನನಗೆ ಮಾತೇ ಹೊರಡಲಿಲ್ಲ.

ಕಿತ್ತರೆ ಹೋಗುವ ಜಾತಿ ಅಲ್ಲ ಇದು. ಮಣ್ಣಿನ ಮೇಲ್ಪದರದಲ್ಲೇ ಹಂಬು ಓಡುತ್ತದೆ. ಗೆಣ್ಣು ಗೆಣ್ಣಿಗೂ ಬೇರು, ಗೆಣ್ಣು ಗೆಣ್ಣಿಗೂ ಚಿಗುರು. ಗುದ್ದಲಿ ಹಾಕಿ ಹತ್ತು ತುಂಡು ಮಾಡಿದರೆ ಹತ್ತು ಗಿಡ! ಮೂರು ಭಾನುವಾರ ಇಬ್ಬರೂ ಕೂತು ಬೆರಳಲ್ಲಿ ಹಂಬು ಆರಿಸಿದೆವು. ಸತ್ತ ಗಿಡಗಳಿಗೆ ಬದಲು ಸಸಿ ತಂದುಕೊಟ್ಟೆ.

ಹಾಗಂತ ಪುದೀನ ಬಿಡಬೇಕಿಲ್ಲ, ಕಟ್ಟಿ ಹಾಕಬೇಕು ಅಷ್ಟೆ. ಅಂಗಡಿಯವರ ಹತ್ತಿರ 15 ಕೆಜಿ ಎಣ್ಣೆಯ ಖಾಲಿ ಡಬ್ಬ ಇದ್ದೇ ಇರುತ್ತದೆ. ಗುಜರಿಗೆ ಹಾಕುವ ಮುಂಚೆ ಒಂದನ್ನು ಅಡ್ಡ ಮಲಗಿಸಿ, ಮೇಲಿನ ಮಗ್ಗುಲು ಕತ್ತರಿಸಿ, ಅಂಚು ಒಳಕ್ಕೆ ಬಡಿಯಿರಿ. ತಳಕ್ಕೆ ಮೊಳೆಯಲ್ಲಿ ಏಳೆಂಟು ತೂತು. ಮೇಲೆ ಹೆಂಚಿನ ಚೂರು, ಆಮೇಲೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು. ಪೇಂಟು, ಕ್ರಿಮಿನಾಶಕದ ಡಬ್ಬ ಮಾತ್ರ ಬೇಡ. ತಿನ್ನುವ ಸೊಪ್ಪು ಸ್ವಾಮಿ.

ಕಡ್ಡಿಯ ಕೆಳಗಿನ ಎಲೆ ತೆಗೆದು ಲೋಟದ ನೀರಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬರುತ್ತದೆ. ಆಮೇಲೆ ನೆಡಿ. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನ ನೆರಳಿರಲಿ. ಮಣ್ಣಿನಿಂದ ಎರಡು ಬೆರಳು ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ವರ್ಷಕ್ಕೊಮ್ಮೆ ಬುಡ ಬಿಡಿಸಿ ಮಣ್ಣು ಬದಲಿಸಿ.

ಮುಖ್ಯ ಮಾತು: ಡಬ್ಬವನ್ನು ನೆಲದ ಮೇಲಿಡಬೇಡಿ, ತೂತಿನಿಂದಲೇ ಬೇರು ಇಳಿಸೀತು. ಇಟ್ಟಿಗೆಯ ಮೇಲಿಡಿ. ಅಂಚು ದಾಟಿ ಜೋತುಬಿದ್ದ ಹಂಬನ್ನು ನೆಲ ಮುಟ್ಟುವ ಮೊದಲೇ ಕತ್ತರಿಸಿ.

ಬೆಕ್ಕು ಸಾಕುವವರು ಕೆಲವರು ಕ್ಯಾಟ್‌ನಿಪ್ ಬೀಜ ತರಿಸುತ್ತಾರೆ. ಅದೂ ಪುದೀನದ ಬಳಗವೇ. ಅದರ ವಾಸನೆಗೆ ಬೆಕ್ಕು ಮೈಮರೆತು ಹೊರಳಾಡುತ್ತದೆ. ಎಲ್ಲಾ ಬೆಕ್ಕೂ ಅಲ್ಲ, ಮರಿಗಳಂತೂ ತಿರುಗಿಯೂ ನೋಡವು. ಇದು ಬೀಜ ಉದುರಿಸಿ ಹರಡುತ್ತದೆ. ಹೂತೆನೆ ಒಣಗುವ ಮೊದಲೇ ಚಿವುಟಿ, ಡಬ್ಬವನ್ನು ಎತ್ತರಕ್ಕೆ ತೂಗುಹಾಕಿ. ಇಲ್ಲದಿದ್ದರೆ ಓಣಿಯ ಬೆಕ್ಕೆಲ್ಲ ಅದರ ಮೇಲೆಯೇ ಹಾಸಿಗೆ ಹಾಸುತ್ತವೆ. ದುಡ್ಡು ಕೊಡುವ ಮುಂಚೆ ಒಂದು ಮಾತು: ನಮ್ಮ ಬೇಲಿಬದಿಯ ಕುಪ್ಪಿಗಿಡದ ಬೇರಿಗೂ ಬೆಕ್ಕು ಹೀಗೇ ಮರುಳಾಗುತ್ತದೆ.

ಈಗ ನಮ್ಮ ಹಿತ್ತಲಲ್ಲಿ ಮೂರು ಡಬ್ಬ, ಪಕ್ಕದ ಮನೆಯಲ್ಲಿ ಒಂದು. ಕನಕಾಂಬರ ಮತ್ತೆ ಹೂ ಬಿಟ್ಟಿದೆ. ಮೊನ್ನೆ ಆಕೆ ಒಂದು ಮೊಳ ಹೂ ಕೊಟ್ಟು, "ಪುದೀನ ಇದ್ರೆ ಕೊಡಿ ಅಣ್ಣಾ" ಅಂದರು. ಕೊಟ್ಟೆ, ಬೇರು ಕತ್ತರಿಸಿ!